ಶರೀರ ಅದೇ, ಶಾರೀರ ಬೇರೆ

2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಕಪ್ಪು ಗಿಟಾರೊಂದು 39 ಲಕ್ಷ 75 ಸಾವಿರ ಡಾಲರಿಗೆ ಮಾರಾಟವಾಯಿತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ಅದೇ ಊರಿನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡಿದ್ದ ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಅದು. ಹರಾಜಿನಲ್ಲಿ ಹಿಡಿದವರು ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಆಗಿನ ಒಡೆಯ ಜಿಮ್ ಇರ್ಸೆ. ಬಂದ ಹಣವನ್ನು ಗಿಲ್ಮೋರ್ ಪರಿಸರ ಕಾನೂನಿಗಾಗಿ ಹೋರಾಡುವ ಕ್ಲೈಂಟ್‌ಅರ್ತ್ ಸಂಸ್ಥೆಗೆ ಕೊಟ್ಟರು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಇರ್ಸೆ ಅಷ್ಟು ಹಣ ಸುರಿದು ಮನೆಗೆ ಒಯ್ದದ್ದು ಏನನ್ನು ಎಂದು ಕೇಳಿದಾಗ.

ಏಕೆಂದರೆ ಆ ಗಿಟಾರಿನ ನೆಕ್ ಒಂದಲ್ಲ, ಹಲವು ಸಲ ಬದಲಾಗಿದೆ. ಮೈಯ ಕಪ್ಪು ಬಣ್ಣ ಕೂಡ ಹುಟ್ಟಿನದಲ್ಲ, ಮೂಲ ಬಣ್ಣದ ಮೇಲೆ ಬಳಿದದ್ದು. ಬಿಳಿಯ ಪಿಕ್‌ಗಾರ್ಡ್ ಹೋಗಿ ಕಪ್ಪು ಬಂತು. ಒಮ್ಮೆ ಬೇರೆ ಬಗೆಯ ಸಾಕೆಟ್ ಕೂರಿಸಲು ಮರಕ್ಕೆ ತೂತು ಕೊರೆದು, ಬೇಡವಾದಾಗ ಮುಚ್ಚಿದರು. 1980ರ ದಶಕದಲ್ಲಿ ಬೇರೊಂದು ಟ್ರೆಮೊಲೊ ಕೂರಿಸಲು ಮರ ಕೆತ್ತಿ, ಆಮೇಲೆ ಅದನ್ನೂ ತುಂಬಿದರು. ಇವೆಲ್ಲಕ್ಕಿಂತ ಮುಖ್ಯವಾದದ್ದು ತಂತಿಗಳ ಕೆಳಗಿನ ಪಿಕಪ್. ತಂತಿಗಳನ್ನು ಹೊರುವ ಕುದುರೆಯ ಪಕ್ಕದ ಪಿಕಪ್ ಜಾಗದಲ್ಲಿ 1976ರಲ್ಲಿ ಡಿಮಾರ್ಜಿಯೊ ಕಂಪನಿಯದು ಬಂತು. 1979ರಲ್ಲಿ ಅದನ್ನೂ ತೆಗೆದು ಸೆಮೋರ್ ಡಂಕನ್ ಸುತ್ತಿದ್ದನ್ನು ಕೂರಿಸಿದರು. ಅಂದರೆ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಕೇಳುವವರ ಕಿವಿಗೆ ಬೀಳುವ ಗಿಟಾರಿಗೂ 1979ರ ‘ದ ವಾಲ್’ ಕೇಳುವವರ ಕಿವಿಗೆ ಬೀಳುವ ಗಿಟಾರಿಗೂ ಹೆಸರು ಒಂದು, ಮೈಯ ಮರ ಒಂದು. ದನಿ ಹೊರಡಿಸುವ ಅಂಗ ಬೇರೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಇದು ಹಳೆಯ ನೆಂಟ. ಥೀಸಿಯಸ್‌ನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದ ಕಥೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಕೊಳೆತ ಹಲಗೆ ತೆಗೆದು ಹೊಸದನ್ನು ಬಡಿಯುತ್ತ ಹೋದರು. ಅದು ಅದೇ ಹಡಗು ಎಂದು ಕೆಲವರು, ಅಲ್ಲವೆಂದು ಕೆಲವರು. 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ. ಕಿತ್ತೆಸೆದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಅದೇ ಕ್ರಮದಲ್ಲಿ ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸ್‌ನದು ಯಾವುದು?

ಗಿಟಾರಿನ ಲೋಕದಲ್ಲಿ ಹಾಬ್ಸ್‌ನ ಈ ಎರಡನೆಯ ಹಡಗು ಬರಿಯ ಕಲ್ಪನೆಯಲ್ಲ. ಹಳೆಯ ಗಿಟಾರುಗಳನ್ನು ಬಿಚ್ಚಿ ಪಿಕಪ್, ಸ್ವಿಚ್, ಬಿರಟೆಗಳನ್ನು ಬಿಡಿಬಿಡಿಯಾಗಿ ಮಾರುವ ವ್ಯಾಪಾರವೇ ಇದೆ. ಎರಿಕ್ ಕ್ಲ್ಯಾಪ್ಟನ್ 1970ರಲ್ಲಿ ನ್ಯಾಶ್‌ವಿಲ್ಲಿನ ಷೋ-ಬಡ್ ಅಂಗಡಿಯಲ್ಲಿ ಹಲವು ಹಳೆಯ ಸ್ಟ್ರ್ಯಾಟೊಕಾಸ್ಟರ್‌ಗಳನ್ನು ಒಟ್ಟಿಗೆ ಕೊಂಡು, ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೊಳ್ಳೆಯ ಭಾಗಗಳನ್ನು ಆರಿಸಿ ಒಂದನ್ನು ಕಟ್ಟಿಸಿದರು. ‘ಬ್ಲ್ಯಾಕಿ’ ಎಂದು ಹೆಸರಾದ ಆ ಗಿಟಾರಿಗೆ ಮೂಲವೆಂಬುದೇ ಇಲ್ಲ, ಅಥವಾ ಮೂರು ಮೂಲಗಳಿವೆ. 2004ರಲ್ಲಿ ಅದು 9,59,500 ಡಾಲರ್ ತಂದಿತು. ಎಡ್ಡಿ ವ್ಯಾನ್ ಹೇಲನ್ ಅವರ ‘ಫ್ರಾಂಕನ್‌ಸ್ಟೈನ್’ ಇನ್ನೂ ಒರಟು. ಸ್ಟ್ರ್ಯಾಟ್ ಆಕಾರದ ಅಗ್ಗದ ಮರದ ಮೈಯಲ್ಲಿ ಉಳಿಯಿಂದ ಗುಂಡಿ ತೋಡಿ ಗಿಬ್ಸನ್ ಗಿಟಾರೊಂದರಿಂದ ಕಿತ್ತ ಪಿಕಪ್ ಕೂರಿಸಿದ್ದಾರೆ. ಇರುವ ಒಂದೇ ತಿರುಗುಣಿ ವಾಲ್ಯೂಮಿನದು, ಅದರ ಮೇಲೆ ಬರೆದಿರುವುದು ‘ಟೋನ್’. ಗಿಲ್ಮೋರ್ ಗಿಟಾರಿಗೂ ಜೋಡಿ ಹುಟ್ಟಿತು. 2008ರಲ್ಲಿ ಫೆಂಡರ್ ಕಂಪನಿ ಅದರ ಪ್ರತಿಕೃತಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು 1970ರ ಸ್ಥಿತಿಯಲ್ಲ, ಕೊನೆಯ ಸ್ಥಿತಿ: ಕುದುರೆಯ ಬಳಿ ಸೆಮೋರ್ ಡಂಕನ್ ಪಿಕಪ್ಪೇ. ಬದಲಾಗಿದ್ದನ್ನೇ ಮೂಲವೆಂದು ನಕಲು ಮಾಡಿದರು.

ಆದರೆ ಹಡಗಿನ ಹಲಗೆಗೂ ಗಿಟಾರಿನ ಪಿಕಪ್ಪಿಗೂ ಒಂದು ವ್ಯತ್ಯಾಸವಿದೆ. ಇಡೀ ವಾದ ತಿರುಗುವುದು ಅಲ್ಲಿಯೇ. ಹೊಸ ಹಲಗೆ ಹಳೆಯದರಂತೆಯೇ ಇರಬೇಕೆಂದು ಬಡಗಿ ಬಯಸುತ್ತಾನೆ. ಹಡಗು ಮೊದಲಿನಂತೆ ತೇಲಿದರೆ ಅವನ ಕೆಲಸ ಮುಗಿಯಿತು. ಪಿಕಪ್ ಬದಲಿಸುವವನ ಬಯಕೆ ಉಲ್ಟಾ. ಮೊದಲಿನಂತೆ ನುಡಿದರೆ ಅವನ ದುಡ್ಡು ದಂಡ. ಕಾಣುವುದೆಲ್ಲ ಹಾಗೆಯೇ ಇರಲಿ, ಕೇಳುವುದು ಮಾತ್ರ ಬೇರೆಯಾಗಲಿ ಎಂಬುದು ಅವನ ಹಂಬಲ. ವಾದ್ಯವಿರುವುದು ನುಡಿಯಲಿಕ್ಕಾದರೆ, ಅದರ ನುಡಿಯನ್ನೇ ಬದಲಿಸಿದ ಮೇಲೂ ಅದನ್ನು ‘ಅದೇ’ ಎನ್ನಲು ಆಧಾರವೇನು? ಗ್ರೀಕರ ಹಡಗು ಈ ಪ್ರಶ್ನೆಯನ್ನು ಕೇಳಲೇ ಇಲ್ಲ.

ಆಧಾರ ಹುಡುಕುವ ಮುನ್ನ ಪಿಕಪ್ ಎಂದರೇನೆಂದು ಬಿಚ್ಚಿ ನೋಡುವುದು ಒಳ್ಳೆಯದು. ಕೆಲವು ಮ್ಯಾಗ್ನೆಟ್‌ಗಳು, ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಸ್ಟ್ರ್ಯಾಟೊಕಾಸ್ಟರಿನ ಪಿಕಪ್ ಎಂದರೆ ಹೆಚ್ಚುಕಡಿಮೆ ಇಷ್ಟೇ. ಮ್ಯಾಗ್ನೆಟ್ ತನ್ನ ಮೇಲಿನ ಉಕ್ಕಿನ ತಂತಿಯನ್ನು ಕಾಂತೀಯಗೊಳಿಸುತ್ತದೆ. ಆ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿದು ಅದರಲ್ಲಿ ಸಣ್ಣದೊಂದು ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ನಿಯಮ ಇದು. ಸರಿಯಾಗಿ ನೂರು ವರ್ಷದ ನಂತರ, 1931ರಲ್ಲಿ, ಜಾರ್ಜ್ ಬೋಶಾಂಪ್ ಅದನ್ನು ಗಿಟಾರಿಗೆ ಹೊಂದಿಸಿದರು. ಬಾಣಲೆಯ ಆಕಾರದ ಆ ವಾದ್ಯವನ್ನು ಅಡಾಲ್ಫ್ ರಿಕನ್‌ಬ್ಯಾಕರ್ ಜತೆಗೂಡಿ ಮಾರುಕಟ್ಟೆಗೆ ತಂದರು. ಗಮನಿಸಬೇಕಾದದ್ದೆಂದರೆ ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಕೇಳುವುದಿಲ್ಲ. ಅದು ಮೈಕ್ ಅಲ್ಲ. ನೈಲಾನ್ ತಂತಿ ಕಟ್ಟಿ ಎಷ್ಟೇ ಜೋರಾಗಿ ಮೀಟಿದರೂ ಅದಕ್ಕೆ ಏನೂ ಗೊತ್ತಾಗದು. ಉಕ್ಕಿನ ಅಲುಗಾಟವೊಂದೇ ಅದರ ಜಗತ್ತು.

ಹಾಗಾದರೆ ಶಾರೀರವಿರುವುದು ಪಿಕಪ್ಪಿನಲ್ಲಿ ಎಂದುಬಿಡೋಣವೇ? ಪಿಕಪ್ ಮಾರುವವರ ಜಾಹೀರಾತು ಹಾಗೆಯೇ ನಂಬಿಸುತ್ತದೆ: ಈ ಪೆಟ್ಟಿಗೆ ಕೊಂಡರೆ 1954ರ ದನಿ, ಆ ಪೆಟ್ಟಿಗೆ ಕೊಂಡರೆ 1959ರ ದನಿ. ವಿದ್ಯುತ್ತಿನ ಲೆಕ್ಕ ಇದನ್ನು ಒಪ್ಪುವುದಿಲ್ಲ. ಒಂದು ಪಿಕಪ್ಪಿನ ದನಿಯ ಮೊನಚು ಯಾವ ಆವರ್ತನದಲ್ಲಿ ಎದ್ದು ನಿಲ್ಲುತ್ತದೆಂಬುದು ಸುರುಳಿಯ ಇಂಡಕ್ಟನ್ಸ್‌ನಿಂದ ತೀರ್ಮಾನವಾಗುವಷ್ಟೇ ಅದಕ್ಕೆ ಸಿಕ್ಕಿಸಿದ ಕೇಬಲ್ಲಿನ ಕೆಪಾಸಿಟನ್ಸ್‌ನಿಂದಲೂ ತೀರ್ಮಾನವಾಗುತ್ತದೆ. ಕೆಲವು ಮೀಟರ್ ಕೇಬಲ್ ಸೇರಿದಾಗ ಸ್ಟ್ರ್ಯಾಟ್ ಪಿಕಪ್ಪಿನಲ್ಲಿ ಆ ಎತ್ತರ ಸುಮಾರು 4ರಿಂದ 5 ಸಾವಿರ ಹರ್ಟ್ಸ್‌ನ ಆಸುಪಾಸು ಬೀಳುತ್ತದೆ. ಕೇಬಲ್ ಉದ್ದವಾದರೆ ಕೆಳಗಿಳಿಯುತ್ತದೆ, ದನಿ ಮಬ್ಬಾಗುತ್ತದೆ. ಆ ಎತ್ತರ ಎಷ್ಟು ಚೂಪು ಎಂಬುದನ್ನು ವಾಲ್ಯೂಮ್ ತಿರುಗುಣಿಯ ಕೆಳಗಿನ ನಿರೋಧಕ, ಎಂದರೆ ಪಾಟ್‌ನ ಬೆಲೆ ಹೇಳುತ್ತದೆ. ಅದಕ್ಕೇ ಒಂಟಿ ಸುರುಳಿಯ ಪಿಕಪ್ಪಿಗೆ 250 ಕಿಲೋ ಓಮ್ ಪಾಟ್, ಜೋಡಿ ಸುರುಳಿಯ ಹಂಬಕರಿಗೆ 500 ಎಂಬ ರೂಢಿ. ಸಾವಿರಾರು ಮೈಲಿ ದೂರದಿಂದ ತರಿಸಿದ ಪಿಕಪ್ಪನ್ನು ತಪ್ಪು ಪಾಟ್‌ಗೆ ಬೆಸೆದು, ಯಾಕೋ ಹೆಸರಿಗೆ ತಕ್ಕಂತಿಲ್ಲ ಎಂದು ಗೊಣಗುವವರು ಉಂಟು. ಪೆಟ್ಟಿಗೆಯೊಳಗೆ ಬಂದದ್ದು ದನಿಯ ಒಂದು ಪಾಲು ಮಾತ್ರ. ಉಳಿದ ಪಾಲುಗಳು ಅವರ ಮನೆಯಲ್ಲೇ, ಮೂಲೆಯಲ್ಲಿ ಸುತ್ತಿಟ್ಟ ಕೇಬಲ್ಲಿನಲ್ಲಿಯೂ ಇದ್ದವು.

ಇಲ್ಲಿಗೆ ಬಂದಾಗ ಗ್ರೀಕರನ್ನು ಬಿಟ್ಟು ನಾಗಸೇನನ ಬಳಿ ಹೋಗುವುದು ವಾಸಿ. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಮಿಲಿಂದನೆಂಬ ಯವನ ರಾಜ, ಎಂದರೆ ಚರಿತ್ರೆಯ ಮಿನಾಂಡರ್, ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬರುತ್ತಾನೆ. ನಾಗಸೇನ ಎಂಬುದು ಬರಿಯ ಹೆಸರು, ಅದರ ಹಿಂದೆ ಸ್ಥಿರವಾದ ವ್ಯಕ್ತಿಯಿಲ್ಲ ಎಂದು ಭಿಕ್ಷು ಹೇಳಿದಾಗ ರಾಜನಿಗೆ ಅದು ಹಾಸ್ಯಾಸ್ಪದ ಅನ್ನಿಸುತ್ತದೆ. ಆಗ ಭಿಕ್ಷು ಕೇಳುತ್ತಾನೆ: ನೀನು ಬಂದ ರಥ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ಒಂದೊಂದಕ್ಕೂ ಅಲ್ಲ ಎಂದ ರಾಜ ಕೊನೆಗೆ, ಇವೆಲ್ಲವನ್ನು ಆಶ್ರಯಿಸಿ ರಥ ಎಂಬ ವ್ಯವಹಾರ ನಡೆಯುತ್ತದೆ ಎಂದು ಒಪ್ಪುತ್ತಾನೆ. ಗಿಟಾರಿನ ಶಾರೀರಕ್ಕೆ ಈ ಉತ್ತರ ಬೆರಳಿಗೆ ಉಂಗುರ ಕೂತಂತೆ ಕೂರುತ್ತದೆ. ದನಿ ಮ್ಯಾಗ್ನೆಟ್ಟಿನಲ್ಲಿಲ್ಲ, ಸುರುಳಿಯಲ್ಲಿಲ್ಲ, ಪಾಟಿನಲ್ಲಿಲ್ಲ, ಕೇಬಲ್ಲಿನಲ್ಲಿಲ್ಲ. ಇವುಗಳಲ್ಲಿ ಒಂದನ್ನು ತೆಗೆದರೆ ಉಳಿದವುಗಳಲ್ಲಿಯೂ ಇಲ್ಲ.

ನಾಗಸೇನನ ಪಟ್ಟಿಯಲ್ಲಿ ಒಂದು ಕೊರತೆ ಮಾತ್ರ ಇದೆ. ಅದು ಕಾಣಬೇಕೆಂದರೆ ಬೆಸುಗೆ ಹಾಕುವ ಮೇಜಿನ ಮುಂದೆ ಕೂರಬೇಕು.

ಕೆಲಸ ಹೀಗೆ ಸಾಗುತ್ತದೆ. ತಂತಿ ಸಡಿಲಿಸಿ, ಪಿಕ್‌ಗಾರ್ಡಿನ ಸ್ಕ್ರೂ ಬಿಚ್ಚಿ, ಹಳೆಯ ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿವೆಯೆಂದು ಫೋಟೊ ತೆಗೆದುಕೊಳ್ಳುತ್ತಾರೆ. ತೆಗೆಯದವರು ಆಮೇಲೆ ಪರದಾಡುತ್ತಾರೆ. ಹಳೆಯ ಬೆಸುಗೆ ಕರಗಿಸಿ ವೈರು ಬಿಡಿಸುವುದು ಸುಲಭ. ಕಷ್ಟವಿರುವುದು ಅರ್ತ್ ವೈರನ್ನು ಪಾಟ್‌ನ ಬೆನ್ನಿಗೆ ಹಿಡಿಸುವಾಗ. ಆ ತಗಡಿನ ಬೆನ್ನು ಸೋಲ್ಡರಿಂಗ್ ಐರನ್ನಿನ ಬಿಸಿಯನ್ನೆಲ್ಲ ಹೀರುತ್ತದೆ. ಐರನ್ ಸಾಕಷ್ಟು ಕಾಯದಿದ್ದರೆ ಸೋಲ್ಡರ್ ಮಣಿಯಂತೆ ಮೇಲೆ ಕೂರುತ್ತದೆಯೇ ಹೊರತು ಅಂಟುವುದಿಲ್ಲ; ನೋಡಲು ಹಿಡಿದಂತೆ ಇರುತ್ತದೆ, ಕಚೇರಿಯ ನಡುವೆ ಬಿಡುತ್ತದೆ. ಹಂಬಕರಾದರೆ ನಾಲ್ಕು ವೈರು, ಅವುಗಳ ಬಣ್ಣ ಕಂಪನಿಗೊಂದು. ಸೆಮೋರ್ ಡಂಕನ್ನಿನಲ್ಲಿ ಕಪ್ಪು ವೈರು ದನಿಯನ್ನು ಹೊರಗೆ ಒಯ್ಯುತ್ತದೆ, ಕೆಂಪು ಬಿಳಿ ಎರಡನ್ನು ಒಂದಕ್ಕೊಂದು ಬೆಸೆಯಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಹೊರಗೊಯ್ಯುವುದು, ಕಪ್ಪು ಬಿಳಿ ಜೋಡಿ. ಎರಡರಲ್ಲೂ ಹಸಿರು ಅರ್ತ್‌ಗೆ.

ಎರಡು ಬೇರೆ ಕಂಪನಿಯ ಪಿಕಪ್ ಒಂದೇ ಗಿಟಾರಿಗೆ ಬಂದಾಗ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಮುಳ್ಳಿನ ಮಲ್ಟಿಮೀಟರಿಗೆ ಪಿಕಪ್ಪಿನ ವೈರು ಸಿಕ್ಕಿಸಿ, ಅದರ ಮುಖಕ್ಕೆ ಸ್ಕ್ರೂಡ್ರೈವರ್ ತಾಗಿಸಿ ತಟ್ಟನೆ ಎಳೆದರೆ ಮುಳ್ಳು ಒಂದು ಕಡೆಗೆ ಜಿಗಿಯುತ್ತದೆ. ಇನ್ನೊಂದು ಪಿಕಪ್ಪಿಗೂ ಹಾಗೆಯೇ ಮಾಡಿದಾಗ ಮುಳ್ಳು ಅದೇ ಕಡೆಗೆ ಜಿಗಿಯಬೇಕು. ಎದುರು ಕಡೆಗೆ ಜಿಗಿದರೆ, ಎರಡನ್ನೂ ಒಟ್ಟಿಗೆ ನುಡಿಸಿದಾಗ ಒಂದರ ಏರಿಗೆ ಇನ್ನೊಂದರ ಇಳಿತ ಎದುರಾಗಿ ಮಂದ್ರವೆಲ್ಲ ಅಳಿಸಿಹೋಗುತ್ತದೆ. ಉಳಿಯುವುದು ತೆಳ್ಳಗಿನ, ಮೂಗಿನಿಂದ ಬಂದಂಥ ದನಿ. ಸರಿಪಡಿಸಲು ಹೊಸ ಸಾಮಾನು ಏನೂ ಬೇಡ. ಒಂದು ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಆಯಿತು.

ಭಾಗಗಳು ಅವೇ, ಎಣಿಕೆ ಅದೇ, ಸಂಬಂಧ ಮಾತ್ರ ಬೇರೆ. ಆದರೂ ಕಿವಿಗೆ ಬೀಳುವುದು ಇನ್ನೊಂದೇ ವಾದ್ಯ. ಈ ಮಾತಿಗೆ ಗಿಟಾರಿನ ಚರಿತ್ರೆಯಲ್ಲಿ ‘ಗ್ರೀನಿ’ಗಿಂತ ದೊಡ್ಡ ಸಾಕ್ಷಿಯಿಲ್ಲ. 1959ರ ಗಿಬ್ಸನ್ ಲೆಸ್ ಪಾಲ್ ಅದು. ಫ್ಲೀಟ್‌ವುಡ್ ಮ್ಯಾಕ್ ತಂಡವನ್ನು 1967ರಲ್ಲಿ ಕಟ್ಟಿದ ಪೀಟರ್ ಗ್ರೀನ್ ಅವರ ಕೈಯಲ್ಲಿ ಅದು ಹೊರಡಿಸಿದ ಟೊಳ್ಳು ಟೊಳ್ಳಾದ, ಅಳುವಂಥ ದನಿಯನ್ನು ಹಿಡಿಯಲು ಎಷ್ಟೋ ಜನ ವಾದಕರು ತಮ್ಮ ಗಿಟಾರು ಬಿಚ್ಚಿದ್ದಾರೆ. ಗ್ರೀನ್ ಅವರ ಗಿಟಾರಿನಲ್ಲಿ ನೆಕ್ ಕಡೆಯ ಪಿಕಪ್ ಚೌಕಟ್ಟಿನಲ್ಲಿ ತಿರುಗುಮುರುಗಾಗಿ ಕೂತಿದ್ದು ಫೋಟೊಗಳಲ್ಲೇ ಕಾಣುತ್ತದೆ, ಹಾಗಾಗಿ ಬಹಳ ಜನ ತಮ್ಮದನ್ನೂ ತಿರುಗಿಸಿ ಕೂರಿಸಿದರು. ಏನೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ಹಂಬಕರನ್ನು ಅರ್ಧ ಸುತ್ತು ತಿರುಗಿಸಿದರೆ ಅದರ ವಿದ್ಯುತ್ತಿನ ದಿಕ್ಕು ಬದಲಾಗುವುದಿಲ್ಲ. ಕಾರಣ ಇನ್ನೂ ಒಳಗೆ, ಕಾಣದ ಕಡೆ ಇತ್ತು: ಪಿಕಪ್ಪಿನ ಹೊಟ್ಟೆಯೊಳಗಿನ ಮ್ಯಾಗ್ನೆಟ್ಟಿನ ಪಟ್ಟಿ ಮಗುಚಿ ಕೂತಿತ್ತು. ಉತ್ತರ ಧ್ರುವವಿರಬೇಕಾದಲ್ಲಿ ದಕ್ಷಿಣ. ಅದು ಯಾರ ಕೈಯಲ್ಲಿ ಹೇಗೆ ಮಗುಚಿತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಲೆಕ್ಕಕ್ಕೆ ಬರುವುದೆಂದರೆ, ರಿಪೇರಿ ಅಂಗಡಿಯಲ್ಲಿ ದೋಷವೆಂದು ಬರೆದುಕೊಳ್ಳಬಹುದಾಗಿದ್ದ ಸಂಗತಿಯೇ ಆ ಗಿಟಾರಿನ ಗುರುತಾಯಿತು. ಗ್ರೀನ್ ಅದನ್ನು ಗ್ಯಾರಿ ಮೂರ್ ಅವರಿಗೆ ಮಾರಿದರು. ಮೂರ್ 1995ರಲ್ಲಿ ತಮ್ಮ ಗುರುವಿನಂಥ ಗ್ರೀನ್ ಅವರ ಹಾಡುಗಳನ್ನೇ ಆ ಗಿಟಾರಿನಲ್ಲಿ ನುಡಿಸಿ ಒಂದು ಆಲ್ಬಮ್ ತಂದರು. 2014ರಲ್ಲಿ ಗಿಟಾರು ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಕೈ ಸೇರಿತು. ಮೂವರಲ್ಲಿ ಯಾರೂ ಮ್ಯಾಗ್ನೆಟ್ಟನ್ನು ‘ಸರಿ’ ಮಾಡಹೋಗಲಿಲ್ಲ.

ಅಚ್ಚು, ಗಾಲಿ, ನೊಗ ಎಂದು ಎಣಿಸುತ್ತ ಹೋದ ನಾಗಸೇನನಿಗೆ ನೈಯಾಯಿಕರು ಹಾಕಿದ ಅಡ್ಡಪ್ರಶ್ನೆ ಇಲ್ಲಿಯೇ ಚುರುಕಾಗುತ್ತದೆ. ಭಾಗಗಳನ್ನು ಮೀರಿದ ‘ಅವಯವಿ’ ಎಂಬ ಇಡಿಯೊಂದು ನಿಜವಾಗಿಯೂ ಇದೆ ಎಂಬುದು ನ್ಯಾಯ ದರ್ಶನದ ಹಟ. ಗೌತಮನ ನ್ಯಾಯಸೂತ್ರ ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು ಬಹಳ ನೆಲದ ಮೇಲಿನದು: ಒಂದು ತುದಿ ಹಿಡಿದು ಎಳೆದರೆ ವಸ್ತು ಪೂರ್ತಿ ಬರುತ್ತದಲ್ಲ, ಬರಿಯ ಭಾಗಗಳ ರಾಶಿಯಾಗಿದ್ದರೆ ಕೈಗೆ ಸಿಕ್ಕ ಭಾಗವಷ್ಟೇ ಬರಬೇಕಿತ್ತು. ಬೌದ್ಧರು ಇದಕ್ಕೂ ಉತ್ತರ ಕೊಟ್ಟರು, ಆ ಜಗಳ ಶತಮಾನಗಳ ಕಾಲ ನಡೆಯಿತು. ಆದರೆ ಗ್ರೀನಿಯ ಮಗುಚಿದ ಮ್ಯಾಗ್ನೆಟ್ಟಿನ ಮುಂದೆ ನೈಯಾಯಿಕನ ಕೈ ಮೇಲಾಗಿ ಕಾಣುತ್ತದೆ. ಭಾಗಗಳ ಪಟ್ಟಿಯಲ್ಲಿ ಒಂದಕ್ಷರ ಬದಲಾಗದೆಯೂ ಇಡಿ ಬದಲಾಯಿತು ಎಂದರೆ, ಇಡಿ ಎನ್ನುವುದು ಪಟ್ಟಿಗಿಂತ ಹೆಚ್ಚಿನದು ಏನೋ ಇರಲೇಬೇಕು.

ಈ ಗೆಲುವಿಗೆ ನೈಯಾಯಿಕ ತೆರುವ ಬೆಲೆ ಮಾತ್ರ ಕಡಿಮೆಯದಲ್ಲ. ಇಡಿ ಭಾಗಗಳಲ್ಲಿ ಸಮವಾಯ ಸಂಬಂಧದಿಂದ ನೆಲೆಸಿದೆ ಎಂದ ಮೇಲೆ, ಭಾಗಗಳ ಸಂಯೋಗ ಮುರಿದರೆ ಇಡಿಯೂ ನಾಶವಾಗಬೇಕು. ಬಟ್ಟೆಯಿಂದ ಒಂದೆಳೆ ನೂಲು ಕಿತ್ತರೆ ಹಳೆಯ ಬಟ್ಟೆ ಸತ್ತು, ಉಳಿದ ನೂಲುಗಳಿಂದ ‘ಖಂಡಪಟ’ವೆಂಬ ಹೊಸ ಬಟ್ಟೆ ಹುಟ್ಟಿತು ಎಂದು ನ್ಯಾಯ-ವೈಶೇಷಿಕರು ಕೂದಲು ಸೀಳಿದ್ದು ಇದೇ ಕಾರಣಕ್ಕೆ. ಹಾಗೆ ನೋಡಿದರೆ ಇಡಿಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರ ಲೆಕ್ಕದಲ್ಲಿ ಇಡಿಯ ಆಯುಷ್ಯವೇ ಎಲ್ಲಕ್ಕಿಂತ ಚಿಕ್ಕದು. ಸ್ಕ್ರೂಡ್ರೈವರ್ ಹಿಡಿದ ಕೈ ಒಂದು ಪಾಟ್ ಬಿಚ್ಚಿದಾಗ ಒಂದು ಗಿಟಾರು ಸಾಯುತ್ತದೆ, ಕೂರಿಸಿದಾಗ ಇನ್ನೊಂದು ಹುಟ್ಟುತ್ತದೆ. ವಿಚಿತ್ರವೆಂದರೆ ಹಳೆಯ ಗಿಟಾರುಗಳ ಸಂಗ್ರಾಹಕರು, ನ್ಯಾಯಸೂತ್ರದ ಹೆಸರನ್ನೂ ಕೇಳದವರು, ಹೆಚ್ಚುಕಡಿಮೆ ಇದನ್ನೇ ನಂಬುತ್ತಾರೆ. 1950ರ ದಶಕದ ಗಿಟಾರು ಕೈಗೆ ಬಂದರೆ ಅವರು ಮೊದಲು ನುಡಿಸಿ ನೋಡುವುದಿಲ್ಲ, ಒಳಗಿನ ಬೆಸುಗೆಯನ್ನು ನೋಡುತ್ತಾರೆ. ಕಾರ್ಖಾನೆಯಲ್ಲಿ ಹಾಕಿದ ಸೋಲ್ಡರನ್ನು ಯಾರೂ ಮುಟ್ಟಿಲ್ಲ ಎಂದಾದರೆ ಒಂದು ಬೆಲೆ. ಪಿಕಪ್ ಬಿಚ್ಚಿ ಅದನ್ನೇ ಮತ್ತೆ ಕೂರಿಸಿದ್ದರೂ, ಒಂದು ಭಾಗವೂ ಬದಲಾಗದಿದ್ದರೂ, ಇನ್ನೊಂದು ಬೆಲೆ.

ಇದೇ ಸಂಗ್ರಾಹಕರ ಸಂಕಟವನ್ನು ಅರ್ಥ ಮಾಡಿಕೊಳ್ಳಲು ಕನ್ನಡದ ಓದುಗ ದೂರ ಹೋಗಬೇಕಿಲ್ಲ. ನಮ್ಮ ಜೈನ ಕವಿಗಳು ಕಾವ್ಯದ ಮೊದಲಲ್ಲಿ ನೆನೆಯುವ ಆಚಾರ್ಯರ ಪೈಕಿ ಸಮಂತಭದ್ರ ಒಬ್ಬ. ಅವನ ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕೊಡವೊಂದನ್ನು ಕರಗಿಸಿ ಕಿರೀಟ ಮಾಡುವ ದೃಷ್ಟಾಂತ ಬರುತ್ತದೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ನಾಶ, ಹುಟ್ಟು, ನೆಲೆ ಮೂರೂ ಒಂದೇ ಕ್ಷಣದಲ್ಲಿ ಒಂದೇ ವಸ್ತುವಿನಲ್ಲಿ ನಿಜ ಎಂಬುದು ಅವನ ತಾತ್ಪರ್ಯ. 1950ರ ದಶಕದ ಮೊದಲ ಭಾಗದ ಲೆಸ್ ಪಾಲ್ ಗಿಟಾರುಗಳಲ್ಲಿ ಪಿ-90 ಎಂಬ ಒಂಟಿ ಸುರುಳಿಯ ಪಿಕಪ್ ಇರುತ್ತಿತ್ತು. ಸೆತ್ ಲವರ್ ರೂಪಿಸಿದ ಹಂಬಕರ್ ಬಂದ ಮೇಲೆ ಅವುಗಳಲ್ಲಿ ಎಷ್ಟನ್ನೋ ಕೆತ್ತಿ ಅಗಲಿಸಿ ಹಂಬಕರ್ ಕೂರಿಸಿದರು, ಈಗಲೂ ಕೂರಿಸುತ್ತಾರೆ. ಪಿ-90 ಪ್ರಿಯನಿಗೆ ಅದು ಕೊಲೆ. ಹಂಬಕರ್ ಪ್ರಿಯನಿಗೆ ಮರುಹುಟ್ಟು. ಆ ಕಾಲದ ಮಹಾಗನಿ ಮರವೇ ಬೇಕೆಂದವನಿಗೆ ಏನೂ ಆಗಿಲ್ಲ. ಮೂವರೂ ತಪ್ಪು ಹೇಳುತ್ತಿಲ್ಲ. ‘ಅದೇನಾ?’ ಎಂಬ ಪ್ರಶ್ನೆಗೆ ಒಂಟಿ ಉತ್ತರ ಹುಡುಕಿದ ಗ್ರೀಕರಿಗಿಂತ, ಕೇಳುವವನಿಗೆ ಬೇಕಾದದ್ದು ಏನೆಂದು ಮೊದಲು ವಿಚಾರಿಸುವ ಈ ದಾರಿ ಗಿಟಾರಿನ ಅಂಗಡಿಯಲ್ಲಿ ಹೆಚ್ಚು ನಡೆಯುತ್ತದೆ.

ಆದರೂ ಸಮಂತಭದ್ರನ ದೃಷ್ಟಾಂತದಲ್ಲಿ ಚಿನ್ನ ಯಾವುದೆಂದು ಎಲ್ಲರಿಗೂ ಗೊತ್ತು. ಗಿಟಾರಿನಲ್ಲಿ ಚಿನ್ನ ಯಾವುದು? ಮರವೋ, ದನಿಯೋ? ಪುರಿಯ ಜಗನ್ನಾಥ ದೇವಾಲಯದಲ್ಲಿ ಇದಕ್ಕೆ ಒಂದು ಖಚಿತ ಉತ್ತರವಿದೆ. ಅಧಿಕ ಆಷಾಢ ಬಂದ ವರ್ಷ ನಡೆಯುವ, 2015ರಲ್ಲಿ ನಡೆದ ನವಕಳೇಬರದಲ್ಲಿ ದೇವರ ಮರದ ವಿಗ್ರಹಗಳನ್ನೇ ಬದಲಿಸುತ್ತಾರೆ. ಹೊಸ ಬೇವಿನ ಮರ, ಹೊಸ ಕೆತ್ತನೆ. ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೂ ಬಟ್ಟೆ ಸುತ್ತಿಕೊಂಡ ಸೇವಕರು ರಾತ್ರಿಯ ಕತ್ತಲಲ್ಲಿ ಹಳೆಯ ವಿಗ್ರಹದೊಳಗಿನ ‘ಬ್ರಹ್ಮಪದಾರ್ಥ’ವನ್ನು ಹೊಸದರೊಳಗೆ ಇಡುತ್ತಾರೆ, ಹಳೆಯ ಮೈಯನ್ನು ಆವರಣದಲ್ಲೇ ಹೂಳುತ್ತಾರೆ. ಮೈ ಪೂರ್ತಿ ಹೊಸದಾದರೂ ದೇವರು ಅದೇ ಎನ್ನುವುದರಲ್ಲಿ ಭಕ್ತರಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಪಿಕಪ್ ಬದಲಾವಣೆ ಇದರ ತಲೆಕೆಳಗು. ಹೊರಮೈ ಅದೇ ಉಳಿದು ಒಳಗಿನದು ಹೋಗುತ್ತದೆ. ಪುರಿಯ ತರ್ಕವನ್ನು ಹಾಗೆಯೇ ಅನ್ವಯಿಸಿದರೆ ಗಿಲ್ಮೋರ್ ಗಿಟಾರಿನ ದೇವರು 1976ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಎದ್ದು ಹೋಗಿಯಾಗಿದೆ. ಹರಾಜಿನಲ್ಲಿ ಮಾರಿದ್ದು ಬಹುಪಾಲು ಕಳೇಬರವನ್ನು. ಗಿಟಾರಿನ ಲೋಕದಲ್ಲಿ ಪುರಿಯ ಕ್ರಮಕ್ಕೆ ಹತ್ತಿರ ಬರುವ ಒಂದು ಉದಾಹರಣೆ ಇದೆ, ಅದು ಟೆಕ್ಸಾಸಿನ ಗಾಯಕ ವಿಲ್ಲಿ ನೆಲ್ಸನ್ ಅವರ ‘ಟ್ರಿಗರ್’. 1969ರಲ್ಲಿ ಅವರ ಬಾಲ್ಡ್‌ವಿನ್ ಗಿಟಾರು ರಿಪೇರಿಗೆ ಬಾರದಷ್ಟು ಮುರಿದಾಗ ನ್ಯಾಶ್‌ವಿಲ್ಲಿನ ಷಾಟ್ ಜ್ಯಾಕ್ಸನ್ ಅದರ ಪಿಕಪ್ಪನ್ನು ಕಿತ್ತು ಮಾರ್ಟಿನ್ ಕಂಪನಿಯ ಎನ್-20 ಎಂಬ ಗಿಟಾರಿಗೆ ಕೂರಿಸಿಕೊಟ್ಟರು. ನೈಲಾನ್ ತಂತಿಯ ಗಿಟಾರು, ಆದ್ದರಿಂದ ಮ್ಯಾಗ್ನೆಟ್ಟಿನ ಪಿಕಪ್ಪಲ್ಲ, ಒತ್ತಡದಿಂದ ವಿದ್ಯುತ್ ಹುಟ್ಟಿಸುವ ಬಗೆಯದು. ಹಳೆಯ ದನಿಗೆ ಹೊಸ ಮೈ ಸಿಕ್ಕಿತು. ನೆಲ್ಸನ್ ಅವರ ಮೀಟುವ ಪಿಕ್ ಕೆರೆದು ಕೆರೆದು ಮೈಯ ಮರ ತೂತೇ ಬಿದ್ದಿದೆ, ಅವರು ಬದಲಿಸಲಿಲ್ಲ. ಆದರೆ ಕುತೂಹಲದ ಸಂಗತಿಯೆಂದರೆ ಟ್ರಿಗರ್ ಎಂದು ಜನ ಕರೆಯುವುದು ಮಾರ್ಟಿನ್ ಮೈಯನ್ನು. ಅದರೊಳಗೆ ವಲಸೆ ಬಂದ ಬಾಲ್ಡ್‌ವಿನ್ ಪಿಕಪ್ಪನ್ನಲ್ಲ. ಪುರಿಯಲ್ಲಿ ಒಳಗಿನದಕ್ಕೆ ಹೆಸರು, ಟೆಕ್ಸಾಸಿನಲ್ಲಿ ಹೊರಗಿನದಕ್ಕೆ.

ಮೈಯೋ ದನಿಯೋ ಎಂಬ ಈ ಹಗ್ಗಜಗ್ಗಾಟದಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಭಾಗವಿದೆ. ಅದನ್ನು ಯಾವ ಸಂಗ್ರಾಹಕನೂ ಕೊಳ್ಳಲಾರ. ಒಂಟಿ ಸುರುಳಿಯ ಪಿಕಪ್ ತಂತಿಯ ಕಂಪನದ ಜತೆಗೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಅದನ್ನು ಎರಡು ಸುರುಳಿಗಳ ಉಪಾಯದಿಂದ ಅಳಿಸುತ್ತದೆ: ಸುರುಳಿಗಳ ದಿಕ್ಕೂ ಮ್ಯಾಗ್ನೆಟ್ಟಿನ ಧ್ರುವವೂ ಎರಡರಲ್ಲಿ ಎದುರುಬದುರು, ಆದ್ದರಿಂದ ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಕೂಡಿಕೊಳ್ಳುತ್ತದೆ. ಅದಲ್ಲದೆ ಇನ್ನೊಂದು ಬಗೆಯ ಗದ್ದಲವಿದೆ. ಅದನ್ನು ಹಿಡಿದು ತರುವುದು ನುಡಿಸುವವನ ದೇಹವೇ. ಮನುಷ್ಯನ ಮೈ ಒಳ್ಳೆಯ ಆಂಟೆನಾ. ಕೋಣೆಯ ವಿದ್ಯುತ್ ಗದ್ದಲವನ್ನು ಹಿಡಿದು ಪಿಕಪ್ಪಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಅದಕ್ಕೆಂದೇ ಕುದುರೆಯಿಂದ ಪಾಟ್‌ನ ಬೆನ್ನಿಗೆ ಒಂದು ಅರ್ತ್ ವೈರು ಎಳೆಯುತ್ತಾರೆ. ಬೆರಳು ತಂತಿಗೆ ತಾಗಿದಾಗ ಇಡೀ ದೇಹವೇ ಸರ್ಕ್ಯೂಟಿನ ಅರ್ತ್‌ಗೆ ಸೇರಿ, ಗದ್ದಲ ತರುತ್ತಿದ್ದ ಮೈಯೇ ಅದನ್ನು ತಡೆಯುವ ತೆರೆಯಾಗುತ್ತದೆ. ಹೊಸ ಪಿಕಪ್ ಹಾಕಿದ ಮೇಲೆ ಕೈ ಎತ್ತಿದಾಗ ಗುಂಯ್, ಕೈ ಇಟ್ಟಾಗ ಕಡಿಮೆ ಎಂದಾದರೆ ಗಾಬರಿಯಾಗಬೇಕಿಲ್ಲ, ವೈರು ಸರಿಯಾಗಿದೆ ಎಂದರ್ಥ. ಕೈ ಇಟ್ಟಾಗಲೇ ಗುಂಯ್ ಹೆಚ್ಚಾದರೆ ಎಲ್ಲೋ ದನಿಯ ವೈರೂ ಅರ್ತ್ ವೈರೂ ಅದಲುಬದಲಾಗಿವೆ, ಮತ್ತೆ ಬಿಚ್ಚಬೇಕು.

ಹೀಗೆ ನುಡಿಸುವವನೂ ಆ ಇಡಿಯ ಒಂದು ಅವಯವ. ರೂಪಕವಾಗಿ ಅಲ್ಲ, ಸರ್ಕ್ಯೂಟಿನ ಲೆಕ್ಕದಲ್ಲಿಯೇ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಗಿಟಾರಿಗೆ ಮರ, ಸುರುಳಿ, ಬೆಸುಗೆ ಎಲ್ಲ ಇದ್ದರೂ ಒಂದು ಭಾಗ ಕಡಿಮೆ. ಹಾಗೆಯೇ ಸುರುಳಿ ಸುತ್ತಿದವರ ಕೈಯೂ ಅದರಲ್ಲಿ ಸೇರಿದೆ. ಫೆಂಡರ್ ಕಾರ್ಖಾನೆಯಲ್ಲಿ 1956ರಿಂದ ಪಿಕಪ್ ಸುತ್ತಿದ ಅಬಿಗೇಲ್ ಇಬಾರಾ ತಂತಿಯನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಸುತ್ತುತ್ತಿದ್ದರು. ಅವರ ಸಹಿಯಿರುವ ಪಿಕಪ್ಪುಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಯಂತ್ರ ಒತ್ತೊತ್ತಾಗಿ ಸಾಲು ಹಿಡಿದು ಸುತ್ತಿದ ಸುರುಳಿಗೂ ಕೈ ಬೆರಳು ಅಲ್ಲಲ್ಲಿ ಚದುರಿಸಿ ಸುತ್ತಿದ ಸುರುಳಿಗೂ ಕೆಪಾಸಿಟನ್ಸ್‌ನಲ್ಲಿ ವ್ಯತ್ಯಾಸ ಬರುತ್ತದೆ. ಕಿವಿ ಅದನ್ನು ಎಷ್ಟರ ಮಟ್ಟಿಗೆ ಗುರುತಿಸುತ್ತದೆ ಎಂಬುದು ವಾದದ ವಿಷಯವಿರಬಹುದು, ಇದೆ ಎಂಬುದಲ್ಲ.

ಗಿಬ್ಸನ್ ಕಂಪನಿ 2023ರಲ್ಲಿ ಹ್ಯಾಮೆಟ್ ಒಪ್ಪಿಗೆಯೊಂದಿಗೆ ಗ್ರೀನಿಯ ಪ್ರತಿಕೃತಿಗಳನ್ನು ಬಿಡುಗಡೆ ಮಾಡಿತು. ಅವುಗಳಿಗೆಂದೇ ‘ಗ್ರೀನಿಬಕರ್’ ಎಂಬ ಪಿಕಪ್ ತಯಾರಾಯಿತು. ಹಿಂದೊಮ್ಮೆ ಮಗುಚಿ ಕೂತಿದ್ದ ಮ್ಯಾಗ್ನೆಟ್ಟಿನ ಪರಿಣಾಮವನ್ನು ಈಗ ಕಾರ್ಖಾನೆಯಲ್ಲಿ ಪ್ರತಿಯೊಂದು ಗಿಟಾರಿಗೂ ಲೆಕ್ಕ ಹಾಕಿ ಕೂರಿಸುತ್ತಾರೆ. ನೆಕ್ ಪಿಕಪ್ಪಿನ ಮುಖವನ್ನೂ ಹಳೆಯದರಂತೆಯೇ ತಿರುಗಿಸಿ ಇಡುತ್ತಾರೆ. ದನಿಗೆ ಅದರಿಂದ ಏನೂ ಆಗದೆಂದು ತಿಳಿದೇ ಇಡುತ್ತಾರೆ, ಏಕೆಂದರೆ ಕೊಳ್ಳುವವರಲ್ಲಿ ಕೊಡ ಬೇಕಾದವರೂ ಇದ್ದಾರೆ, ಕಿರೀಟ ಬೇಕಾದವರೂ ಇದ್ದಾರೆ. ನಡುವಿನ ಸ್ವಿಚ್ಚಿನಲ್ಲಿ ಬರುವ ಆ ಟೊಳ್ಳು ದನಿ ಹಿಡಿಸದ ಗಿರಾಕಿ ಪಿಕಪ್ ಬಿಚ್ಚಿಸಿ ಅದನ್ನು ಎಲ್ಲ ಲೆಸ್ ಪಾಲ್‌ಗಳಂತೆ ಮಾಡಿಸಿಕೊಳ್ಳಬಹುದು, ಯಾವ ರಿಪೇರಿಯವನೂ ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತಾನೆ. ಆಮೇಲೆ ತಲೆಯ ಮೇಲಿನ ಹೆಸರನ್ನು ಹಾಗೆಯೇ ಬಿಡುವುದೋ ಎಂದು ಅವನು ಕೇಳಿದರೆ, ನೈಯಾಯಿಕ ಒಂದು ಹೇಳುತ್ತಾನೆ, ನಾಗಸೇನ ಇನ್ನೊಂದು.